ಹಾಸಿಗೆ ಕರೀಮ್ ಸಾಬರು ಜಗತ್ತಿನ ಅತಿ ದೊಡ್ಡ ಆಟಗಾರರಾದದ್ದು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಪುರವರದ ಹಾಲಿನ ಡೇರಿಯ ಕಾರ್ಯದರ್ಶಿ ಸಂಜೀವಯ್ಯನವರು. ಹೇಳಿದ್ದು ೨೦೨೫ರ ಶಿವರಾತ್ರಿ ಕಳೆದ ವಾರ, ಸಂಜೆಯ ಹಾಲು ಅಳೆದು ಮುಗಿದ ಮೇಲೆ, ಡೇರಿಯ ಜಗಲಿಯಲ್ಲಿ. ಖಾಲಿ ಕ್ಯಾನುಗಳನ್ನು ಮಗ್ಗುಲಲ್ಲಿಟ್ಟುಕೊಂಡು ಕುಳಿತಿದ್ದ ಊರಿನ ಗಂಡಸರೂ ಹೆಂಗಸರೂ ನನ್ನ ಜೊತೆಗೆ ಕೇಳುಗರಾಗಿದ್ದರು.

ಇದೇ ಕಥೆಯನ್ನು ಅನಂತರ ಶಿರಾದಲ್ಲಿ ಕರೀಮ್ ಸಾಬರ ಹೆಂಡತಿ ಮೆಹರುನ್ನಿಸಾ ಅವರ ಬಾಯಲ್ಲಿ ಕೇಳಿದ್ದೇನೆ. ಪಾವಗಡದ ಬಸ್ಸಿನಲ್ಲಿ ಹೆಸರು ಹೇಳಲೊಪ್ಪದ ಒಬ್ಬ ಗೃಹಸ್ಥರಿಂದಲೂ ಕೇಳಿದ್ದೇನೆ. ಪಾಠಗಳ ನಡುವೆ ವ್ಯತ್ಯಾಸಗಳುಂಟು. ಉದಾಹರಣೆಗೆ, ಆಟ ನೋಡಲು ಸೇರಿದ ಜನ ಪಾವಗಡದ ಪಾಠದಲ್ಲಿ ಹತ್ತು ಸಾವಿರ, ಸಂಜೀವಯ್ಯನವರ ಪಾಠದಲ್ಲಿ ಇನ್ನೂರು, ಮೆಹರುನ್ನಿಸಾ ಅವರ ಪಾಠದಲ್ಲಿ 'ಕೆಲಸ ಇಲ್ದೋರೆಲ್ಲ'. ಮೂರನ್ನೂ ತೂಗಿ ನೋಡಿದಾಗ ಮೂರನೆಯದೇ ಹೆಚ್ಚು ನಿಖರವೆಂದು ತೋರುತ್ತದೆ. ಆದರೂ ಇಲ್ಲಿ ಅನುಸರಿಸಿರುವುದು ಸಂಜೀವಯ್ಯನವರ ಪಾಠವನ್ನೇ. ಅವರು ಈ ಕಥೆಯ ಮದುವೆಯ ಮಾತಿಗೆ ಗಂಡಿನ ಕಡೆಯ ಹಿರಿಯರಾಗಿ ಹೋಗಿ, ಆದದ್ದನ್ನೆಲ್ಲ ಕಣ್ಣಾರೆ ಕಂಡವರು.

ಶಿರಾದ ಪೇಟೆ ಬೀದಿಯಲ್ಲಿ ಚನ್ನಮಲ್ಲಯ್ಯನವರದು ಗ್ರಂಧಿಗೆ ಅಂಗಡಿ. ವಿಭೂತಿ, ಕರ್ಪೂರ, ಊದಿನಕಡ್ಡಿ, ಅಳಲೆಕಾಯಿ, ನಸ್ಯ ಎಲ್ಲವೂ ಅಲ್ಲಿ ಸಿಗುತ್ತವೆ. ಕೇಳಿದ್ದೇ ಸಿಗುತ್ತದೆಂಬ ಭರವಸೆ ಮಾತ್ರ ಇಲ್ಲ. ಕರ್ಪೂರ ಕೇಳಿದವರಿಗೆ ಸ್ಫಟಿಕ ಕಟ್ಟಿಕೊಟ್ಟು, ಅದು ಹತ್ತಿಕೊಳ್ಳಲಿಲ್ಲವೆಂದು ಅವರು ಮರಳಿ ಬಂದಾಗ 'ನಿಮ್ಮ ಬೆಂಕಿಪೊಟ್ಟಣ ತೇವ ಆಗೈತೆ' ಎಂದು ಸಮಾಧಾನ ಹೇಳುವಷ್ಟು ಸಾಧುಸ್ವಭಾವದವರು ಅವರು. ಅಂಗಡಿಯ ಹಿಂದೆಯೇ ಮನೆ. ಎದುರು ಸಾಲಿನಲ್ಲಿ ಕರೀಮ್ ಸಾಬರ ಹಾಸಿಗೆ ಅಂಗಡಿ. ಸಂಜೆ ವ್ಯಾಪಾರ ಇಳಿದ ಮೇಲೆ ಹೊಸದಾಗಿ ಹೊಲಿದ ಯಾವುದಾದರೊಂದು ಹಾಸಿಗೆಯ ಮೇಲೆ ಮಣೆಯಿಟ್ಟು ಇಬ್ಬರೂ ಚದುರಂಗ ಆಡುವುದು ನಲವತ್ತು ವರ್ಷದ ರೂಢಿ. ಹೊಸ ಹತ್ತಿ ಮೆತ್ತಗಿರುವುದರಿಂದ ಒಬ್ಬರು ಮಗ್ಗುಲು ಬದಲಿಸಿದರೂ ಎರಡೂ ಸೈನ್ಯದ ಕುದುರೆಗಳು ಮಲಗಿಬಿಡುತ್ತವೆ. ಅವುಗಳನ್ನು ಎಬ್ಬಿಸಿ ನಿಲ್ಲಿಸುವುದೂ ಆಟದ ಭಾಗವೆಂದೇ ಇಬ್ಬರೂ ಭಾವಿಸಿದ್ದರು.

ಚನ್ನಮಲ್ಲಯ್ಯನವರ ಮಗಳು ಮಾನಸ ತಿರುಮಣಿಯ ಸೋಲಾರ್ ಪಾರ್ಕಿನ ಒಂದು ಕಚೇರಿಯಲ್ಲಿ ಇಂಜಿನಿಯರು. ಅದೇ ಕಚೇರಿಯಲ್ಲಿ ಮಧುಗಿರಿಯ ಪರಮೇಶ್ ಎಂಬ ಹುಡುಗ. ಇಬ್ಬರಿಗೂ ಒಪ್ಪಿಗೆಯಾಗಿತ್ತು, ಕುಲ, ಗೋತ್ರ, ಜಾತಕಗಳೂ ತಕರಾರು ಮಾಡಲಿಲ್ಲ. ಉಳಿದದ್ದು ಹುಡುಗನ ತಂದೆ, ನಿವೃತ್ತ ಗಣಿತದ ಮೇಷ್ಟರು ನಂದೀಶ್ವರಯ್ಯನವರ ಒಪ್ಪಿಗೆ ಮಾತ್ರ. ಇವರು ಮಧುಗಿರಿಯ ಚದುರಂಗಾಭಿಮಾನಿಗಳ ಸಂಘದ ಸಂಸ್ಥಾಪಕರು, ಅಧ್ಯಕ್ಷರು ಮತ್ತು ಬಹುಪಾಲು ಸದಸ್ಯರು. ಜಗತ್ತಿನಲ್ಲಿ ಇದುವರೆಗೆ ಹುಟ್ಟಿದ ಆಟಗಾರರಲ್ಲಿ ಅತಿ ದೊಡ್ಡವನು ಕ್ಯಾಸ್ಪರೋವ್ ಎಂಬುದು ಅವರ ಮನೆಯಲ್ಲಿ ಅಭಿಪ್ರಾಯವಾಗಿರಲಿಲ್ಲ, ಮನೆದೇವರಾಗಿತ್ತು. ನಡುಮನೆಯಲ್ಲಿ ಹಿರಿಯರ ಪಟಗಳ ಸಾಲಿನಲ್ಲೇ ಅವನ ಪಟವೂ ತೂಗುತ್ತಿತ್ತು. ಹಿಂದೆ ಕೊರಟಗೆರೆಯ ಒಂದು ಸಂಬಂಧ ಎಲ್ಲ ರೀತಿಯಲ್ಲೂ ಕೂಡಿಬಂದಿತ್ತು. ಹೆಣ್ಣಿನ ತಂದೆ ಮಾತಿನ ನಡುವೆ 'ಕಾರ್ಲ್‌ಸನ್ನೇ ದೊಡ್ಡೋನು ಬುಡಿ' ಎಂದುಬಿಟ್ಟರು. ನಂದೀಶ್ವರಯ್ಯನವರು ಕೈಲಿದ್ದ ಕಾಫಿಯನ್ನು ಮರ್ಯಾದೆಗಾಗಿ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಇಂಥವರು ಹೆಣ್ಣು ನೋಡಲು ಬರುವುದಾಗಿ ತಿಳಿಸಿದ್ದು ೨೦೨೪ರ ಡಿಸೆಂಬರಿನಲ್ಲಿ. ನಮ್ಮ ಗುಕೇಶ್ ವಿಶ್ವ ಚಾಂಪಿಯನ್ ಆದ ವಾರದಲ್ಲಿ. ಆಗ ಟೀ ಅಂಗಡಿ, ಕ್ಷೌರದಂಗಡಿ, ಬಸ್ ನಿಲ್ದಾಣಗಳಲ್ಲೆಲ್ಲ ಒಂದೇ ಚರ್ಚೆ. ಆನಂದ್ ದೊಡ್ಡವರೋ, ಫಿಶರ್ ದೊಡ್ಡವನೋ, ಕಾರ್ಲ್‌ಸನ್ ದೊಡ್ಡವನೋ ಎಂದು, ಆನೆ ಹೇಗೆ ನಡೆಯುತ್ತದೆಂದು ತಿಳಿಯದವರೂ ಅಂಗಿ ಹಿಡಿದುಕೊಳ್ಳುತ್ತಿದ್ದ ಕಾಲ.

ಮಾನಸ ಹಿಂದಿನ ದಿನವೇ ಊರಿಗೆ ಬಂದು ತಂದೆಯನ್ನು ಕೂರಿಸಿಕೊಂಡಳು.

"ಅಪ್ಪಾ, ಪರಮೇಶ್ ಅವ್ರ ತಂದೆ ಒಂದೇ ಒಂದು ಪ್ರಶ್ನೆ ಕೇಳ್ತಾರೆ. ಪ್ರಪಂಚದಲ್ಲಿ ಅತಿ ದೊಡ್ಡ ಚೆಸ್ ಆಟಗಾರ ಯಾರು ಅಂತ. ನೀನು ಕ್ಯಾಸ್ಪರೋವ್ ಅಂತ ಹೇಳಿ ಸುಮ್ನಾಗ್ಬುಡು. ಮುಂದಕ್ಕೆ ಒಂದು ಮಾತೂ ಆಡ್ಬೇಡ."

"ಯಾರಮ್ಮ ಅವ್ನು?"

"ಯಾರಾದ್ರೂ ಆಗ್ಲಿ. ನನ್ನ ಮದ್ವೆ ಅವನ ಮೇಲೆ ನಿಂತೈತೆ."

"ಮದ್ವೆ ಆಗೋನು ಪರಮೇಶ ಅಂದಿದ್ದೆ?"

ಒಳಗಿನಿಂದ ತಾಯಿ ಸರ್ವಮಂಗಳಾ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. ಮಾನಸ ಹೆಸರನ್ನು ಮೂರು ತುಂಡು ಮಾಡಿ ಹೇಳಿಕೊಟ್ಟಳು. ಚನ್ನಮಲ್ಲಯ್ಯನವರು ಅಂದು ಇಡೀ ದಿನ ಅಭ್ಯಾಸದಲ್ಲಿ ಮುಳುಗಿದರು. ಧೂಪ ಕೇಳಿದ ಹೆಂಗಸಿಗೆ 'ಕ್ಯಾಸ್ಪರೋವ್' ಎಂದರು. ಆಕೆ, 'ಅದೆಲ್ಲ ಬ್ಯಾಡ ಅಯ್ನೋರೇ, ನಮ್ಮನೇಲಿ ಮೊದ್ಲಿಂದ ಸಾಂಬ್ರಾಣಿನೇ ಹಾಕೋದು' ಎಂದು ಹೇಳಿ ಹೋದಳು.

ಭಾನುವಾರ ಬೆಳಿಗ್ಗೆ ನಂದೀಶ್ವರಯ್ಯ, ಪರಮೇಶ್ ಮತ್ತು ನಮ್ಮ ಸಂಜೀವಯ್ಯನವರು ಬಂದಿಳಿದರು. ಉಪ್ಪಿಟ್ಟು ಬಂತು, ಬಾಳೆಹಣ್ಣು ಬಂತು, ಕಾಫಿ ಬಂತು. (ಪಾವಗಡದ ಪಾಠದಲ್ಲಿ ಇದು ಟೀ. ಸರ್ವಮಂಗಳಮ್ಮನವರನ್ನೇ ವಿಚಾರಿಸಿ ಕಾಫಿಯೆಂದು ಖಚಿತಪಡಿಸಿಕೊಂಡಿದ್ದೇನೆ.) ಮೇಷ್ಟರು ಕನ್ನಡಕ ಸರಿಪಡಿಸಿಕೊಂಡು, ಪರೀಕ್ಷೆಯ ಕೊಠಡಿಯ ಧ್ವನಿಯಲ್ಲಿ ಕೇಳಿದರು:

"ನೀವೂ ಆಡ್ತೀರಂತೆ. ಹೇಳಿ ನೋಡೋಣ, ಇವತ್ತಿನವರೆಗೆ ಹುಟ್ಟಿದ ಆಟಗಾರರಲ್ಲಿ ಅತಿ ದೊಡ್ಡವರು ಯಾರು?"

ಮಾನಸ ಬಾಗಿಲ ಸಂದಿಯಲ್ಲಿ ತುಟಿಯಾಡಿಸಿದಳು. ಪರಮೇಶ್ ಕಣ್ಣು ಮುಚ್ಚಿಕೊಂಡ. ಚನ್ನಮಲ್ಲಯ್ಯನವರು ಬಾಯಿ ತೆರೆದರು, ಹೆಸರು ಬರಲಿಲ್ಲ. ಮೂರು ತುಂಡುಗಳಲ್ಲಿ ಒಂದೂ ಬರಲಿಲ್ಲ. ಕಿಟಕಿಯಾಚೆ ನೋಡಿದರು. ಎದುರು ಅಂಗಡಿಯಲ್ಲಿ ಕರೀಮ್ ಸಾಬರು ಒಂದು ದಿಂಬನ್ನು ಬಡಿಯುತ್ತಿದ್ದರು.

"ಇನ್ಯಾರು ಸಾರ್," ಎಂದರು ಚನ್ನಮಲ್ಲಯ್ಯ, "ನಮ್ಮ ಹಾಸಿಗೆ ಕರೀಮ್ ಸಾಬ್ರು."

ನಂದೀಶ್ವರಯ್ಯನವರು ಕಾಫಿಯ ಲೋಟವನ್ನು ಎತ್ತಿಕೊಂಡರು. ಅದನ್ನು ಅವರು ಪೂರ್ತಿ ಕುಡಿಯುವ ಲಕ್ಷಣ ಕಂಡು ಪರಮೇಶನ ಮುಖ ಬಿಳುಚಿತು.

"ಯಾರನ್ನು ಸೋಲಿಸಿದ್ದಾರೆ ಅವರು?"

ಚನ್ನಮಲ್ಲಯ್ಯನವರು ಕೊಂಚ ಯೋಚಿಸಿ, ಸತ್ಯಕ್ಕೆ ಅಪಚಾರವಾಗದಂತೆ ಹೇಳಿದರು: "ಸೋಲ್ಸಿರೋದು ನಂಗೊತ್ತಿಲ್ಲ ಸಾರ್. ಆದ್ರೆ ನಲವತ್ತು ವರ್ಷದಿಂದ ಸೋತಿಲ್ಲ."

ಲೋಟ ಅರ್ಧದಲ್ಲೇ ನಿಂತಿತು.

"ನಲವತ್ತು ವರ್ಷ?"

"ಒಂದ್ಸಲಾನೂ ಇಲ್ಲ. ನಾನೇ ಸಾಕ್ಷಿ."

"ರೀ ಸ್ವಾಮಿ, ಕ್ಯಾಪಬ್ಲಾಂಕಾ ಅಂತ ಒಬ್ಬನಿದ್ದ. ಎಂಟು ವರ್ಷ ಸೋಲದೆ ಇದ್ದ. ಆಮೇಲೆ ಅವನೂ ಸೋತ. ಫಿಶರ್ ಸೋತ. ನಮ್ಮ ಕ್ಯಾಸ್ಪರೋವ್ ಕೂಡ…" ಇಲ್ಲಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಲವತ್ತು ವರ್ಷ ಸೋಲದವನು ಭೂಮಿ ಮೇಲೆ ಹುಟ್ಟಿಲ್ಲ."

"ಹುಟ್ಟವ್ರೆ ಸಾರ್. ಅಗಾ, ಅಲ್ಲೇ ದಿಂಬು ಬಡೀತಾವ್ರೆ."

ಮೇಷ್ಟರು ಎದ್ದು ಕಿಟಕಿಯ ಬಳಿ ಹೋಗಿ, ದಿಂಬು ಬಡಿಯುತ್ತಿದ್ದವರನ್ನು ಬಹಳ ಹೊತ್ತು ನೋಡಿದರು. ತಿರುಗಿ ಬಂದು ತೀರ್ಪು ಕೊಟ್ಟರು.

"ಬರುವ ಭಾನುವಾರ ನಾನೇ ಬಂದು ಅವರ ಜೊತೆ ಕೂರ್ತೀನಿ. ಅವರು ಸೋತರೆ ನೀವು ಸುಳ್ಳು ಹೇಳಿದಂತಾಯ್ತು. ಸುಳ್ಳು ಹೇಳೋ ಮನೆಯಿಂದ ನಾನು ಸೊಸೆ ತರೋದಿಲ್ಲ. ಆಟ ಮುಗಿಯುವವರೆಗೆ ಸಂಬಂಧದ ಮಾತೂ ಬೇಡ."

ಅವರು ಬಾಗಿಲು ದಾಟಿದ್ದೇ ಪರಮೇಶ್ ಹಿಂದೆ ಉಳಿದು ಪಿಸುಗುಟ್ಟಿದ: "ಮಾವ, ಸಾಬ್ರು ಗೆದ್ರೂ ಕಷ್ಟನೇ. ಅಪ್ಪ ಒಂದ್ಸಲ ಪಾವಗಡದವರ ಕೈಲಿ ಸೋತಿದ್ರು. ಆವತ್ತಿಂದ ಪಾವಗಡದ ಬಸ್ಸು ಕಂಡ್ರೆ ಮುಖ ತಿರುಗಿಸ್ಕೋತಾರೆ. ಇಲ್ಲಿ ಸೋತ್ರೆ ಶಿರಾಗೆ ಕಾಲಿಡಲ್ಲ. ಮದ್ವೆ ಮುಗೀತು."

ಹೀಗೆ ಸಾಬರು ಸೋತರೆ ಮಗಳ ಮದುವೆ ಮುರಿಯುವುದೆಂದೂ ಗೆದ್ದರೆ ಮಗಳ ಮದುವೆ ಮುರಿಯುವುದೆಂದೂ ಖಚಿತಪಡಿಸಿಕೊಂಡ ಚನ್ನಮಲ್ಲಯ್ಯನವರು, ಹೆಗಲ ಮೇಲೆ ಟವೆಲು ಹಾಕಿಕೊಂಡು ಎದುರು ಅಂಗಡಿಗೆ ನಡೆದರು.

"ಸಾಬ್ರೇ, ಒಂದು ಉಪಕಾರ ಆಗ್ಬೇಕು. ಬರೋ ಭಾನುವಾರ ನೀವು ಗೆಲ್ಲಂಗಿಲ್ಲ."

"ಆಯ್ತು ಬುಡಿ, ಅದಕ್ಕೇನಂತೆ."

"ಸೋಲಂಗೂ ಇಲ್ಲ."

ಕರೀಮ್ ಸಾಬರು ದಿಂಬು ಕೆಳಗಿಟ್ಟರು. "ಅಯ್ನೋರೇ, ಬಿಸ್ಲಲ್ಲಿ ಬಂದ್ರೇನು? ಕೂತ್ಕಳಿ, ನೀರು ಕುಡೀರಿ."

ಚನ್ನಮಲ್ಲಯ್ಯನವರು ನಡೆದದ್ದನ್ನೆಲ್ಲ ಹೇಳಿದರು. ಸಾಬರಿಗೆ ಕೇಳಿಸಿದ್ದು ಅದರಲ್ಲಿ ಒಂದೇ ಭಾಗ.

"ಪ್ರಪಂಚದಲ್ಲೇ ದೊಡ್ಡೋನು ಅಂದ್ರಾ? ನನ್ನಾ? ಮೇಷ್ಟ್ರ ಎದುರ್ಗೇನಾ?" ಅವರು ಗಡ್ಡ ನೀವಿಕೊಂಡರು. "ನಂಗೂ ಒಂದೊಂದ್ಸಲ ಅಂಗೇ ಅನ್ನಿಸ್ತಿತ್ತು ಅಯ್ನೋರೇ. ನಾನೇ ಹೆಂಗೆ ಬಾಯ್ಬಿಟ್ಟು ಹೇಳ್ಲಿ ಅಂತ ಸುಮ್ನಿದ್ದೆ."

ಅಂದಿನಿಂದ ಸಾಬರ ನಡೆ ಬದಲಾಯಿತು. ಕೈ ಒರಟಾದರೆ ಕಾಯಿ ನಡೆಸುವಾಗ ನಡುಗುತ್ತದೆಂದು ಹತ್ತಿ ಮುಟ್ಟುವುದನ್ನು ನಿಲ್ಲಿಸಿದರು. ಈದ್‌ಗೆಂದು ಇಟ್ಟಿದ್ದ ಶೇರ್ವಾನಿ ತೊಟ್ಟು ಅಂಗಡಿಯ ಮುಂದೆ ಕುಳಿತರು. ಗಿರಾಕಿಗಳು ಹಾಸಿಗೆಯ ಬೆಲೆ ಕೇಳಿದರೆ ಆಕಾಶ ನೋಡುತ್ತಿದ್ದರು. ಮೆಹರುನ್ನಿಸಾ ಮಾತ್ರ ಬೀದಿಗೆ ಕೇಳಿಸುವಂತೆ ಹೇಳುತ್ತಿದ್ದರು:

"ಯಾ ಅಲ್ಲಾ! ಜಗತ್ತಿಗೆ ದೊಡ್ಡೋರಂತೆ! ಹತ್ತಿ ಬಿಸಿಲಿಗೆ ಹಾಕಿ ಅಂದ್ರೆ ಯೋಚ್ನೆ ಮಾಡ್ತಾವ್ರಂತೆ! ಮಂಗಳಕ್ಕಾ, ನಿಮ್ಮ ಯಜಮಾನ್ರು ಒಂದು ಮಾತು ಆಡಿದ್ರು, ನನ್ನ ಯಜಮಾನ್ರು ಕೈಗೆ ಬರದಂಗಾದ್ರು!"

"ನಮ್ಮೋರು ಕೈಗೆ ಬಂದಿದ್ದು ಯಾವಾಗಮ್ಮ?" ಎಂದು ಸರ್ವಮಂಗಳಮ್ಮನವರು ಈ ಕಡೆಯಿಂದ ಉತ್ತರಿಸುತ್ತಿದ್ದರು.

ಸುದ್ದಿ ಬಸ್ಸು ಹತ್ತಿತು. ನಲವತ್ತು ವರ್ಷ ಸೋಲದವರೊಬ್ಬರು ಶಿರಾದಲ್ಲಿದ್ದಾರೆಂದು ಮಧುಗಿರಿ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬಂತು; ಕೊರಟಗೆರೆ ತಲಪುವ ಹೊತ್ತಿಗೆ ಅದು ಅರವತ್ತು ವರ್ಷವಾಗಿತ್ತು; ತಾವರೆಕೆರೆಯಲ್ಲಿ, ಸಾಬರ ತಾತನವರೂ ಸೋತಿರಲಿಲ್ಲವೆಂಬ ಅಂಶ ಸೇರಿಕೊಂಡಿತು. ಭಾನುವಾರ ಬೆಳಿಗ್ಗೆ ಪೇಟೆ ಬೀದಿಯಲ್ಲಿ ಸೈಕಲ್ ನುಗ್ಗಿಸಲು ಜಾಗವಿರಲಿಲ್ಲ. ಮಧುಗಿರಿಯವರು ಒಂದು ಕಡೆ ನಿಂತು ಕ್ಯಾಸ್ಪರೋವನಿಗೆ ಜೈಕಾರ ಹಾಕಿದರು. ಕಾಲೇಜಿನ ಹುಡುಗರು ಕಾರ್ಲ್‌ಸನ್ನನಿಗೆ ಹಾಕಿದರು. ಆನಂದರ ಅಭಿಮಾನಿಗಳು ವಯಸ್ಸಾದವರಾದ್ದರಿಂದ ನೆರಳಿನಲ್ಲಿ ಕುಳಿತು ಹಾಕಿದರು. ಪಾವಗಡದಿಂದ ಬಂದ ಒಬ್ಬಾತ, "ಎವುರೇಮನ್ನಾ ಚೆಪ್ಪಂಡಿ, ಗುಕೇಶ್ ಮನವಾಡೇ ಕದಾ! ನಮ್ಮೋನ್ನ ಬುಟ್ಟು ಬೇರೆ ಯಾರ್ದು ಮಾತು?" ಎಂದು ತೆಲುಗು ಕನ್ನಡ ಬೆರೆಸಿ ಕೂಗಿ, ಎರಡು ಭಾಷೆಗಳಲ್ಲೂ ಬೈಗುಳ ತಿಂದ. ಶಿರಾದವರು ಮಾತ್ರ ಒಕ್ಕೊರಲಿನಿಂದ ಕರೀಮ್ ಸಾಬರಿಗೆ ಜೈ ಎಂದರು. ಅಂದಿನವರೆಗೆ ಅವರಲ್ಲಿ ಯಾರೂ ಸಾಬರ ಆಟವನ್ನು ಐದು ನಿಮಿಷ ನಿಂತು ನೋಡಿದವರಲ್ಲ.

ನಂದೀಶ್ವರಯ್ಯನವರು ಗಡಿಯಾರ, ಮಣೆ, ಕಾಯಿಗಳೊಂದಿಗೆ ಬಂದು ಮೇಜು ಕೇಳಿದರು.

"ಮೇಜಿನ ಮೇಲೆ ನಂಗೆ ಬುದ್ಧಿ ಓಡಲ್ಲ ಸಾರ್," ಎಂದರು ಸಾಬರು. "ಇಲ್ಲೇ ಬನ್ನಿ. ಹೊಸ ಹತ್ತಿ, ಮೆತ್ತಗೈತೆ."

ಮೇಷ್ಟರು ಹಾಸಿಗೆಯ ಮೇಲೆ ಕುಳಿತದ್ದೇ ಮೂವತ್ತೆರಡು ಕಾಯಿಗಳೂ ಒಂದೇ ದಿಕ್ಕಿಗೆ ನಮಸ್ಕರಿಸಿದವು. ಎಬ್ಬಿಸಿ ನಿಲ್ಲಿಸಿದ್ದಾಯಿತು. ಮೊದಲ ನಡೆ ನಡೆಸಿ ಮೇಷ್ಟರು ಗಡಿಯಾರದ ಗುಂಡಿ ಒತ್ತಿದರು. ಎಲ್ಲವೂ ಮತ್ತೆ ಬಿದ್ದವು. ಕೊನೆಗೆ ಗಡಿಯಾರವನ್ನು ತೀರ್ಪುಗಾರರ ತೊಡೆಯ ಮೇಲಿಡುವುದೆಂದು ತೀರ್ಮಾನವಾಯಿತು. ಆಗ ತೀರ್ಪುಗಾರರೇ ಇಲ್ಲವೆಂಬುದು ಎಲ್ಲರಿಗೂ ಹೊಳೆಯಿತು.

ರೆವೆನ್ಯೂ ಇನ್ಸ್‌ಪೆಕ್ಟರ್ ನರಸಿಂಹರಾಜು ವಿಭೂತಿ ಗಟ್ಟಿ ಕೊಳ್ಳಲು ಬಂದವರು ಜನಸಂದಣಿಯಲ್ಲಿ ಸಿಕ್ಕಿಕೊಂಡಿದ್ದರು. ಅವರನ್ನು ಹಿಡಿದು ಕೂರಿಸಿದರು.

"ನಂಗೆ ಈ ಆಟ ಬರಲ್ಲ ಕಣ್ರೀ!"

"ಆಟ ಬಾರದವರೇ ನಿಷ್ಪಕ್ಷಪಾತಿಗಳು," ಎಂದರು ಮೇಷ್ಟರು. "ಯಾರ ಕೈ ಯಾವಾಗ ಆಡ್ತು ನೋಡ್ಕೊಳ್ಳಿ, ಸಾಕು."

"ಅಂದ್ರೆ ಯಾರ ಸ್ವಾಧೀನದಲ್ಲಿ ಯಾವ್ದೈತೆ ಅಂತ. ಅದು ಬರುತ್ತೆ," ಎಂದು ನರಸಿಂಹರಾಜು ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡರು.

ಆಟ ಸಾಗಿತು. ಮೇಷ್ಟರು ಪುಸ್ತಕ ಓದಿ ಕಲಿತವರು. ಅವರ ಕಾಯಿಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಂತವು. ಸಾಬರ ಕಾಯಿಗಳು ಸಂತೆಯ ಜನದಂತೆ ಸಿಕ್ಕಸಿಕ್ಕಲ್ಲಿ ನಿಂತವು. ಆದರೆ ಆ ಸಂತೆಯಲ್ಲಿ ಮೇಷ್ಟರ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗತೊಡಗಿದರು. ಮೊದಲು ಒಂದು ಒಂಟೆ ಹೋಯಿತು. ಆಮೇಲೆ ಒಂದು ಆನೆ. ಮಧುಗಿರಿಯವರ ಜೈಕಾರ ತಗ್ಗಿತು. ನಂದೀಶ್ವರಯ್ಯನವರ ಕಿವಿ ಕೆಂಪಾಯಿತು.

ಹಿಂದೆ ನಿಂತಿದ್ದ ಚನ್ನಮಲ್ಲಯ್ಯನವರಿಗೆ ಭಾವೀ ಬೀಗರು ಶಿರಾಕ್ಕೆ ಶಾಶ್ವತವಾಗಿ ಬೆನ್ನು ಹಾಕುವ ದೃಶ್ಯ ಕಣ್ಣಿಗೆ ಕಟ್ಟಿತು. ಅವರು ಓಡಿಹೋಗಿ ಅಂಗಡಿಯಿಂದ ನಸ್ಯದ ಡಬ್ಬಿ ತಂದು, ಮೂಗಿನ ಎರಡೂ ಹೊಳ್ಳೆಗೆ ಧಾರಾಳವಾಗಿ ಏರಿಸಿ, ಹಾಸಿಗೆಯ ಮೇಲೆ ಕೈಯೂರಿ ಸೀನಿದರು. ಅದು ಸಾಮಾನ್ಯ ಸೀನಲ್ಲವೆಂದು ಮೂರೂ ಪಾಠಗಳು ಹೇಳುತ್ತವೆ. ಎರಡೂ ಸೈನ್ಯಗಳು ಚೆಲ್ಲಾಪಿಲ್ಲಿಯಾದವು. ಮಂತ್ರಿಯೊಂದು ಚರಂಡಿಯ ಅಂಚಿನಲ್ಲಿ ಸಿಕ್ಕಿತು.

"ಅಯ್ಯಯ್ಯೋ, ಎಲ್ಲಾ ಹೋಯ್ತು! ಇನ್ನೊಂದಿನ ಆಡಿದ್ರಾಯ್ತು ಬುಡಿ!" ಎಂದು ಚನ್ನಮಲ್ಲಯ್ಯನವರು ಮೂಗೊರೆಸಿಕೊಳ್ಳುತ್ತ, ತುಂಬ ಸಂತೋಷದ ಧ್ವನಿಯಲ್ಲಿ ಗೋಳಾಡಿದರು.

"ಎಲ್ಲೂ ಹೋಗಿಲ್ಲ," ಎಂದರು ನಂದೀಶ್ವರಯ್ಯನವರು. ಗಣಿತದ ಮೇಷ್ಟರಲ್ಲವೇ? ತಾವು ಸೋಲುತ್ತಿದ್ದ ಸ್ಥಿತಿಯನ್ನು, ಒಂದು ಪದಾತಿಯೂ ಆಚೀಚೆಯಾಗದಂತೆ, ನೆನಪಿನಿಂದಲೇ ಮತ್ತೆ ಜೋಡಿಸಿಕೊಟ್ಟರು.

ಕೂಡಲೇ ಸಾಬರು ಮಂತ್ರಿಯನ್ನು ಎತ್ತಿ ಮೇಷ್ಟರ ರಾಜನ ಎದುರಿಗಿಟ್ಟು "ಶಹಾ!" ಎಂದರು. ರಾಜ ಒಂದು ಮನೆ ಸರಿದ. ಆನೆ ಬಂತು, "ಶಹಾ!" ರಾಜ ಮೂಲೆ ಸೇರಿದ. ಇನ್ನೊಂದೇ ನಡೆ. ಅದು ಆಟ ಬಾರದ ನರಸಿಂಹರಾಜುವಿಗೂ ಕಾಣುತ್ತಿತ್ತು. ಮಾನಸ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪರಮೇಶ್ ಗೋಡೆಗೊರಗಿದ. ನಂದೀಶ್ವರಯ್ಯನವರು ತಮ್ಮ ಟೋಪಿಯನ್ನು ತಲೆಯ ಮೇಲೆ ಸರಿಯಾಗಿ ಕೂರಿಸಿಕೊಂಡರು. ಕೈಲಿ ಕಾಫಿ ಇದ್ದಿದ್ದರೆ ಅದನ್ನೂ ಮುಗಿಸಿರುತ್ತಿದ್ದರು.

ಕರೀಮ್ ಸಾಬರು ಎರಡೂ ಕೈ ಚಾಚಿದರು. ಕಾಯಿಯನ್ನು ಮುಟ್ಟಲಿಲ್ಲ. ಮಣೆಯ ಎರಡು ಅಂಚು ಹಿಡಿದು, ಅದನ್ನು ಮೆಲ್ಲಗೆ, ಒಂದು ಕಾಯಿಯೂ ಅಲುಗದಂತೆ, ಅರ್ಧ ಸುತ್ತು ತಿರುಗಿಸಿ, ಗೆಲ್ಲುವ ಸೈನ್ಯವನ್ನು ಮೇಷ್ಟರ ಮುಂದಿಟ್ಟು, ಸಾಯುತ್ತಿದ್ದ ರಾಜನನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಹೂಂ, ಈಗ ನೀವ್ ನಡೆಸಿ ಸಾರ್," ಎಂದರು.

"ಏನಿದು?"

"ತಿರುವು."

"ಯಾವ ನಿಯಮ ಇದು?"

ಸಾಬರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಿಯಮ ಏನ್ಬಂತು? ಒಬ್ರು ಸೋಲೋ ಹೊತ್ತಿಗೆ ತಿರುಗಿಸ್ಬೇಕಲ್ಲ! ನಾನು ಕಟ್ಟಿರೋ ಬೋನಿಂದ ನಾನೇ ಆಚೆ ಬಂದು ತೋರಿಸ್ಬೇಕು. ನಿಮ್ಮ ಮಧುಗಿರಿಲಿ ತಿರುಗಿಸಲ್ವಾ? ಮತ್ತೆ ಆಟ ಮುಗಿದೋಗಲ್ವಾ?"

"ಮುಗಿಯಬೇಕು ಅಂತಲೇ ಆಡೋದು!"

"ಮುಗಿದ್ರೆ ಸಂಜೆತಂಕ ಏನ್ ಮಾಡ್ತೀರಿ ಸಾರ್?" ಎಂದು ಸಾಬರು ನಿಜವಾದ ಅನುಕಂಪದಿಂದ ಕೇಳಿದರು.

ಗದ್ದಲವೆದ್ದಿತು. ಕಾರ್ಲ್‌ಸನ್ ಪಕ್ಷದವರು ಇದು ಅನ್ಯಾಯವೆಂದರು. ಕ್ಯಾಸ್ಪರೋವ್ ಪಕ್ಷದವರು, ತಮ್ಮವರು ಗೆಲ್ಲುವ ಕಡೆಗೆ ಬಂದದ್ದರಿಂದ, ಇದು ಪ್ರಾಚೀನ ಪದ್ಧತಿಯಿರಬಹುದೆಂದರು. ಎಲ್ಲರೂ ತೀರ್ಪುಗಾರರ ಕಡೆ ತಿರುಗಿದರು. ನರಸಿಂಹರಾಜು ಎದ್ದುನಿಂತು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ನೋಡಿ, ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ. ಇವ್ರ ಸ್ವಾಧೀನದಲ್ಲಿದ್ದಿದ್ದು ಅವ್ರಿಗೆ ಹೋಗೈತೆ, ಅವ್ರದು ಇವ್ರಿಗೆ ಬಂದೈತೆ. ಇಬ್ರೂ ಸಮಕ್ಷಮದಲ್ಲಿ ಕೂತವ್ರೆ. ಇದು ಖಾತೆ ಬದಲಾವಣೆ. ಯಾರ್ದಾದ್ರೂ ತಕರಾರಿದ್ರೆ ಈಗ್ಲೇ ಹೇಳಿ. ಇಲ್ದಿದ್ರೆ ಊರ್ಜಿತ."

ನಂದೀಶ್ವರಯ್ಯನವರು ಮಣೆ ನೋಡಿದರು. ಗೆಲುವು ಒಂದು ನಡೆಯ ದೂರದಲ್ಲಿ, ತಮ್ಮದೇ ಕೈಯ ಕೆಳಗೆ ಇತ್ತು. ತಕರಾರು ಹೇಳಲು ಹೊರಟವರು ಮನಸ್ಸು ಬದಲಿಸಿ 'ಆಗಲಿ' ಎಂದರು. ಆದರೆ ಗೆಲ್ಲುವ ನಡೆಯನ್ನು ನಡೆಸಲು ಕೈ ಎತ್ತಿದಾಗ ಸಾಬರು ಅವರನ್ನೇ ನೋಡುತ್ತಿದ್ದರು. ಶಿರಾದ ಬೀದಿಯೆಲ್ಲ ನೋಡುತ್ತಿತ್ತು. ಆತಿಥೇಯರು ಬಡಿಸಿದ್ದನ್ನು ತಿಂದು ಅವರ ತಟ್ಟೆಯನ್ನೇ ಹೊತ್ತೊಯ್ದಂತೆ ಆದೀತೆಂದು ಅವರಿಗೆ ಅನ್ನಿಸಿರಬೇಕು. ಅವರ ಕೈಗಳು ಮಣೆಯ ಅಂಚಿಗೆ ಹೋದವು. ಅವರೂ ತಿರುಗಿಸಿದರು.

"ಶಾಬ್ಬಾಸ್!" ಎಂದರು ಸಾಬರು. "ಎಷ್ಟು ಬೇಗ ಕಲ್ತುಬುಟ್ರಿ!"

ಮೇಷ್ಟರು ಈಗ ಮೂಲೆಯಲ್ಲಿದ್ದ ರಾಜನನ್ನು ಬಿಡಿಸಲು ಕುಳಿತರು. ಸಾಬರು ತಾವೇ ಒಂದು ದಾರಿ ಬಿಟ್ಟುಕೊಟ್ಟರೋ, ಮೇಷ್ಟರೇ ಕಂಡುಕೊಂಡರೋ, ಇದರಲ್ಲಿ ಪಾಠಭೇದವಿದೆ. ರಾಜನಂತೂ ಹೊರಬಂದ. ಮಧ್ಯಾಹ್ನದ ಹೊತ್ತಿಗೆ ಸಾಬರು ಸೋಲುತ್ತಿದ್ದರು, ಮಣೆ ತಿರುಗಿತು. ಆಮೇಲೆ ಮೇಷ್ಟರು ಸೋಲುತ್ತಿದ್ದರು, ಮಣೆ ತಿರುಗಿತು. ಯಾರು ಯಾರೆಂದು ತಿಳಿಯದೆ ಜೈಕಾರ ಹಾಕುವವರು ಊಟಕ್ಕೆ ಹೋದರು. ನಂದೀಶ್ವರಯ್ಯನವರು ಟೋಪಿ ತೆಗೆದಿಟ್ಟರು, ಕಾಲು ಚಾಚಿದರು, ಸಾಬರ ದಿಂಬಿಗೆ ಒರಗಿದರು. ಅವರು ನಕ್ಕದ್ದನ್ನು ಪರಮೇಶ್ ನೋಡಿದ್ದು ಅದೇ ಮೊದಲು.

"ಹಾಗಾದರೆ ನಲವತ್ತು ವರ್ಷದಿಂದ ನೀವು ಸೋತಿಲ್ಲ ಅನ್ನೋದು…" ಎಂದು ಮೇಷ್ಟರು ಕೇಳಿದರು.

"ಸೋಲೋಕೆ ಅಯ್ನೋರು ಬುಟ್ರೆ ತಾನೆ!"

"ಚನ್ನಮಲ್ಲಯ್ಯನವರೂ ಸೋತಿಲ್ಲ?"

"ಅವ್ರಾ? ನಾನು ಬುಟ್ಟಿದ್ರೆ ತಾನೆ!"

ಮೇಷ್ಟರು ಈ ಲೆಕ್ಕವನ್ನು ಒಳಗೊಳಗೇ ಬಿಡಿಸಿದರು. ಚನ್ನಮಲ್ಲಯ್ಯನವರು ಹೇಳಿದ್ದು ಸುಳ್ಳಲ್ಲ. ಆದರೆ ಆಟ ಮುಗಿದಿಲ್ಲ. ಆಟ ಮುಗಿಯದೆ ಸಂಬಂಧದ ಮಾತಿಲ್ಲವೆಂದು ಎಲ್ಲರೆದುರು ತಾವೇ ಹೇಳಿದ್ದಾಗಿದೆ. ಆಡಿದ ಮಾತನ್ನು ಹ್ರಸ್ವ ದೀರ್ಘ ಸಹಿತ ಪಾಲಿಸುವವರು ಅವರು.

ಬಿಸಿಲು ಇಳಿಯಿತು. ಸಾಬರು ನಮಾಜಿಗೆಂದು ಎದ್ದರು. ಮೇಷ್ಟರು, "ಹಾಗೇ ಇರಲಿ, ಮುಂದಿನ ಭಾನುವಾರ ಮುಂದುವರಿಸೋಣ," ಎಂದರು.

"ಅಂದ್ರೆ ಮದ್ವೆ?" ಎಂದು ಪರಮೇಶ್ ಕೇಳಿದ.

"ಆಟ ಮುಗಿದ ಮೇಲೆ."

"ಅಪ್ಪಾ, ಇವ್ರದು ನಲವತ್ತು ವರ್ಷದಿಂದ ಮುಗಿದಿಲ್ಲ!"

ಮಾನಸ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಚನ್ನಮಲ್ಲಯ್ಯನವರು ಏನಾದರೂ ಸಹಾಯವಾಗಲೆಂದು, "ಕ್ಯಾಸ್ಪರೋವ್!" ಎಂದು ಕೂಗಿದರು. ಹೆಸರು ಅವರಿಗೆ ಆಗ ನೆನಪಾಗಿತ್ತು. ಯಾರೂ ಅವರ ಕಡೆ ನೋಡಲಿಲ್ಲ.

ಆಗ ಸರ್ವಮಂಗಳಮ್ಮನವರು ಒಳಗಿನಿಂದ ತಾಂಬೂಲದ ತಟ್ಟೆ ತಂದರು. ವೀಳ್ಯದೆಲೆ, ಅಡಿಕೆ, ಅರಿಸಿನ ಕುಂಕುಮ, ತೆಂಗಿನಕಾಯಿ, ಬಾಳೆಹಣ್ಣು. ಮೇಷ್ಟರನ್ನೂ ಗಂಡನನ್ನೂ ಎದುರುಬದುರು ಕೂರಿಸಿ, ತಟ್ಟೆಯನ್ನು ನಡುವೆ ಇಟ್ಟರು.

"ಅಮ್ಮಾ, ನಾನು ಗಂಡಿನ ಕಡೆಯವನು," ಎಂದರು ನಂದೀಶ್ವರಯ್ಯ. "ನಾನು ಒಪ್ಪಿಗೆ ಕೊಟ್ಟ ಮೇಲೆ ತಾನೆ ತಾಂಬೂಲ? ನಾನು ಕೊಡೋ ಹಾಗಿಲ್ಲವಲ್ಲ."

"ನೀವು ಕೊಡೋದೇನೂ ಬ್ಯಾಡ ಬುಡಿ," ಎಂದರು ಸರ್ವಮಂಗಳಮ್ಮ. ತಟ್ಟೆಯ ಎರಡು ಅಂಚು ಹಿಡಿದು, ಒಂದು ಅಡಿಕೆಯೂ ಉರುಳದಂತೆ, ಅರ್ಧ ಸುತ್ತು ತಿರುಗಿಸಿದರು. "ತಿರುವು ಆಯ್ತು. ಈಗ ನೀವು ಹೆಣ್ಣಿನ ಕಡೆ. ನಮ್ಮೋರು ಗಂಡಿನ ಕಡೆ. ಏನೂಂದ್ರೆ, ಹುಡುಗಿ ಒಪ್ಪಿಗೆನಾ ನಿಮ್ಗೆ?"

ಇಷ್ಟು ದಿನದ ಗೊಂದಲದಲ್ಲಿ ಚನ್ನಮಲ್ಲಯ್ಯನವರಿಗೆ ತಡವಿಲ್ಲದೆ ಅರ್ಥವಾದ ಮಾತು ಇದೊಂದೇ.

"ಒಪ್ಪಿಗೆ!" ಎಂದು ಅವರು ಬೀದಿಗೆಲ್ಲ ಕೇಳಿಸುವಂತೆ ಹೇಳಿದರು. "ಲಕ್ಷಣವಾದ ಹುಡುಗಿ. ನಮ್ಗೆ ಪೂರ್ತಿ ಒಪ್ಪಿಗೆ!"

ನಂದೀಶ್ವರಯ್ಯನವರು ತೀರ್ಪುಗಾರರ ಕಡೆ ನೋಡಿದರು.

"ಖಾತೆ ಬದಲಾಗೈತೆ ಸಾರ್," ಎಂದರು ನರಸಿಂಹರಾಜು, ಗಡಿಯಾರವನ್ನು ಇನ್ನೂ ಮಡಿಲಲ್ಲೇ ಇಟ್ಟುಕೊಂಡು. "ಬೆಳಿಗ್ಗೆ ನೀವೇ ಒಪ್ಪಿದ ಪದ್ಧತಿ."

ಮೇಷ್ಟರು ತಟ್ಟೆಯನ್ನು ಮಣೆಯಂತೆ ದಿಟ್ಟಿಸಿದರು. ಎಲೆಯಿಂದ ಅಡಿಕೆಗೆ, ಅಡಿಕೆಯಿಂದ ಕಾಯಿಗೆ ದೃಷ್ಟಿ ಸಾಗಿಸಿದರು. ಹೊರಬರುವ ದಾರಿ ಎಲ್ಲೂ ಕಾಣಲಿಲ್ಲ. ಕ್ಷಣ ಕಳೆದಂತೆ ಅವರ ಭುಜಗಳು ಇಳಿದವು, ಕತ್ತು ಬಾಗಿತು, ಮುಖದಲ್ಲಿ ಹೆಣ್ಣು ಹೆತ್ತವರ ಚಿಂತೆ ಮೂಡಿತು. ಇನ್ನೊಂದು ಗಳಿಗೆಯಲ್ಲಿ ಅವರು ಬೆರಳೆತ್ತಿ ಗದರಿದರು:

"ಆಯ್ತು. ಆದರೆ ಒಂದು ಮಾತು. ಹೆಣ್ಣಿನ ಕಡೆಯವರು ಅಂತ ನಮ್ಮನ್ನು ಕಡೆಗಣಿಸಬಾರದು. ಮದುವೆ ನಡೆಯೋದು ಹೆಣ್ಣಿನ ಕಡೆಯವರ ಊರಲ್ಲೇ. ನಮ್ಮ ಮಧುಗಿರಿಯಲ್ಲೇ ಆಗಬೇಕು. ಇದರಲ್ಲಿ ಮಾತ್ರ ನಾನು ರಾಜಿ ಆಗೋದಿಲ್ಲ!"

"ಆಗ್ಲಿ ಬೀಗ್ರೇ," ಎಂದು ಚನ್ನಮಲ್ಲಯ್ಯನವರು ಗಂಡಿನ ಕಡೆಯವರ ಔದಾರ್ಯದಿಂದ ಕೈಯಾಡಿಸಿದರು. "ಚೆನ್ನಾಗಿ ಮಾಡ್ಕೊಡಿ. ಊಟದಲ್ಲಿ ಹೆಚ್ಚುಕಮ್ಮಿ ಆಗ್ದಂಗೆ ನೋಡ್ಕಳಿ."

ಮಾಘದಲ್ಲಿ ಮಧುಗಿರಿಯಲ್ಲಿ ಮದುವೆಯಾಯಿತು. ಗಂಡಿನ ಕಡೆಯವರ ಪಂಕ್ತಿಯಲ್ಲಿ ಚನ್ನಮಲ್ಲಯ್ಯನವರು ಕುಳಿತು ಉಂಡರು; ನಂದೀಶ್ವರಯ್ಯನವರು ಸೊಂಟಕ್ಕೆ ಟವೆಲು ಬಿಗಿದು ಬಡಿಸಲು ನಿಂತರು. ಶೇರ್ವಾನಿ ತೊಟ್ಟ ಕರೀಮ್ ಸಾಬರನ್ನು ಕಂಡು, ಇವರು ಯಾವ ಕಡೆಯವರೆಂದು ಅಡುಗೆಯವರು ಕೇಳಿದರಂತೆ. "ಹೊತ್ತಿನ ಮೇಲೆ ಹೋಗುತ್ತೆ," ಎಂದು ಮೆಹರುನ್ನಿಸಾ ಹೇಳಿದರಂತೆ.

ಸಂಜೀವಯ್ಯನವರು ಇಷ್ಟು ಹೇಳಿ ನಿಲ್ಲಿಸಿದರು. ಜಗಲಿಯ ಕೊನೆಯಲ್ಲಿ ಕುಳಿತಿದ್ದ ಸಹನಾ ಎಂಬಾಕೆ ಕೇಳಿದಳು:

"ಅಣ್ಣಾ, ಆ ಆಟ ಏನಾಯ್ತು? ಗೆದ್ದೋರು ಯಾರು?"

"ಮೊನ್ನೆ ಶಿರಾಗೆ ಹೋಗಿದ್ದೆ ಕಣಮ್ಮ. ಮೇಷ್ಟ್ರು ಭಾನುವಾರ ಭಾನುವಾರ ಬಂದು ಕೂತ್ಕಂತಾರೆ. ಅವತ್ತೂ ಹಾಸಿಗೆ ಮೇಲೆ ಕೂತಿದ್ರು. ಒಬ್ರು ಸೋಲ್ತಿದ್ರು, ಒಬ್ರು ಗೆಲ್ತಿದ್ರು."

"ಯಾರು ಯಾರು?"

"ನಾನು ಕೇಳ್ದೆ. ಅವ್ರಿಗೂ ಗೊತ್ತಿರ್ಲಿಲ್ಲ."

ಯಾರೋ ನಕ್ಕರು. ಮತ್ತೊಬ್ಬರು, ಏನೇ ಹೇಳಿ, ಆನಂದರೇ ದೊಡ್ಡವರೆಂದು ಗೊಣಗಿದರು. ಪಕ್ಕದವರು ಕತ್ತಲಾಗುತ್ತಿದೆಯೆಂದು ಆಕಾಶ ತೋರಿಸಿದರು. ಒಬ್ಬೊಬ್ಬರಾಗಿ ಎದ್ದು, ಬಟ್ಟೆಯ ಧೂಳು ಕೊಡವಿಕೊಂಡು, ಕ್ಯಾನು ಎತ್ತಿಕೊಂಡು ಮನೆಗಳ ಕಡೆ ಹೊರಟರು.